ಅಪ್‌ಡೇಟ್: ಫ್ಲಡ್ ಆಗಿದ್ದ ರೋಟರಿ ಎಂಜಿನ್ ಕೊನೆಗೂ ಸ್ಟಾರ್ಟ್ ಆಯ್ತು

ಮಡಿಕೇರಿ ಮನೆಯಲ್ಲಿರುವ ನಮ್ಮಣ್ಣನ ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ತ್ರಿಕೋನ ರೋಟರ್ ಇರುವ ಎಂಜಿನ್) ಸ್ಪೋರ್ಟ್ಸ್ ಕಾರು ಫ್ಲಡ್ ಆಗಿ, ಅಂದ್ರೆ ಒಳಗೆ ಪೆಟ್ರೋಲ್ ಜಾಸ್ತಿ ತುಂಬಿ, ಸ್ಟಾರ್ಟ್ ಆಗ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ನಿನ್ನೆ ಸ್ಟಾರ್ಟ್ ಆಯ್ತು! ಉತ್ತರ ಬರೆದ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ನಂದೇ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದೆವು, ಮೋಡ ಕವಿಯಿತು. ಮೂಟೆ ಇಡಲು ಜಾಗ ಬೇಕಾಗಿ ಕಾರನ್ನು ಶೆಡ್ಡಿನಿಂದ ಹೊರಗೆ ತಂದು ತಕ್ಷಣ ಆಫ್ ಮಾಡಿದೆ. ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಸಿಯಾಗುವ ಮುಂಚೆ ನಿಲ್ಲಿಸಿದರೆ ಅದು ಒಳಗೇ ಉಳಿಯುತ್ತದೆ.

ಇಳಿಜಾರಿನಲ್ಲಿ ತಳ್ಳಿ ನೋಡಿದೆವು, ಆಗಲಿಲ್ಲ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಒರೆಸಿ ಹಾಕಿದರೂ ಮತ್ತೆ ಒದ್ದೆ. ಕೈಹಿಡಿದದ್ದು, ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಡಿ ಅಂದವರ ಸಲಹೆ. ಪೆಟ್ರೋಲ್ ಮತ್ತೆ ಹೋಗದಂತೆ ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದೆವು. ಕಿಡಿ ಬರದಂತೆ, ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಚ್ಚಿದೆವು. 4 ಪ್ಲಗ್ ಕಳಚಿ, ಮಧ್ಯೆ ಬಿಡುವು ಕೊಟ್ಟು 10 ಸೆಕೆಂಡ್‌ನಂತೆ ಕ್ರ್ಯಾಂಕ್ ಮಾಡಿದೆವು, ಅಂದ್ರೆ ಸ್ಟಾರ್ಟರ್‌ನಿಂದ ಎಂಜಿನ್ ಸುತ್ತಿಸಿದೆವು. ಪೆಟ್ರೋಲ್ ಚಿಮ್ಮಿತು. ಇದನ್ನು ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡವೇ ಬೇಡ. ಆಮೇಲೆ ಎರಡೂ ರೋಟರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್, ಹೊಸ ಪ್ಲಗ್, ಫುಲ್ ಚಾರ್ಜ್ ಆದ ಬ್ಯಾಟರಿ. ರೋಟರ್‌ಗೆ ಎರಡೆರಡು ಪ್ಲಗ್ ಇರುತ್ತವೆ, ಮೇಲಿನದು ಕೆಳಗಿನದು ಬೇರೆ, ಅದಲುಬದಲು ಮಾಡಬೇಡಿ.

ನನಗೆ ಗೊತ್ತೇ ಇರದಿದ್ದ ವಿಷಯ ಒಂದಿದೆ. ಜಾಸ್ತಿಯಾದ ಪೆಟ್ರೋಲ್, ಅಪೆಕ್ಸ್ ಸೀಲ್ (ರೋಟರ್ ತುದಿಯಲ್ಲಿ ಗ್ಯಾಸ್ ಸೋರದಂತೆ ತಡೆಯುವ ಪಟ್ಟಿ) ಹತ್ತಿರದ ಆಯಿಲ್ ಪದರವನ್ನೇ ತೊಳೆದುಬಿಡುತ್ತದೆ. ಕಂಪ್ರೆಷನ್, ಅಂದ್ರೆ ಒಳಗಿನ ಗಾಳಿಯ ಒತ್ತಡ, ಬೀಳುತ್ತದೆ. ಆಮೇಲೆ ಸುಮ್ನೆ ಕ್ರ್ಯಾಂಕ್ ಮಾಡಿ ಏನು ಪ್ರಯೋಜನ, ಅಲ್ವಾ?

ಸ್ಟಾರ್ಟ್ ಆದಾಗ ಅಂಗಳವೆಲ್ಲ ಬಿಳಿ ಹೊಗೆ. ಕೆಲವೇ ನಿಮಿಷಕ್ಕೆ ತಿಳಿಯಾಯಿತು. ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಇತ್ತು, ಹಾಗಾಗಿ ಇವತ್ತು ಆಯಿಲ್ ಬದಲಾಯಿಸಿದೆವು.