ಕಟಪಾಡಿ ಮುಟ್ಟುವಾಗ ಆಂಪ್ ಬಂದ್: ಎರಡು ಸಬ್‌ವೂಫರಿಗೆ 2 ಓಮ್ ಮಾಡುದು ಹೇಗೆ?

ಸಂತೆಕಟ್ಟೆ ಸ್ವಿಫ್ಟ್:
ನನ್ನ ಹಳೇ ಸ್ವಿಫ್ಟಿನಲ್ಲಿ 12 ಇಂಚಿನ ಒಂದು ಸಬ್ (ಬೇಸಿನ ಸ್ಪೀಕರ್) ಇತ್ತು, ತಲಾ 4 ಓಮಿನ ಎರಡು ಕಾಯಿಲ್‌ನದ್ದು (ಕೋನನ್ನು ಅಲ್ಲಾಡಿಸುವ ತಂತಿ ಸುರುಳಿ). ಭಾವ ದುಬೈಗೆ ಹೋಗುವಾಗ ಅದೇ ಮಾಡೆಲಿನ ಇನ್ನೊಂದನ್ನು ಕೊಟ್ಟು ಹೋದರು. ಎರಡನ್ನೂ ಒಂದೇ ಸೀಲ್ಡ್ ಪೆಟ್ಟಿಗೆಗೆ ಹಾಕಿಸಿದೆ, ವಯರಿಂಗ್ ಅಂಗಡಿಯವರೇ ಮಾಡಿದ್ದು. ಆಂಪ್ ಮೋನೋಬ್ಲಾಕ್, ಅಂದ್ರೆ ಒಂದೇ ಚಾನಲಿನದ್ದು. ಅದರ ಮೇಲೆ 4 ಓಮಿಗೆ 300 ವಾಟ್, 2 ಓಮಿಗೆ 500 ವಾಟ್ ಅಂತ ಬರೆದದ್ದುಂಟು, 1 ಓಮಿನ ಸುದ್ದಿಯೇ ಇಲ್ಲ.

ಮನೆಯಿಂದ ಹೊರಟು ಕಟಪಾಡಿ ಮುಟ್ಟುವಷ್ಟರಲ್ಲಿ ಆಂಪಿನಲ್ಲಿ ಕೆಂಪು ಲೈಟ್, ಸೌಂಡ್ ಬಂದ್. ಮುಟ್ಟಿದರೆ ಕೈ ಇಡ್ಲಿಕ್ಕಾಗುದಿಲ್ಲ. ಅರ್ಧ ಗಂಟೆ ಬಿಟ್ಟರೆ ಪುನಃ ಸರಿ. ನನಗೆ ಪಿಲಿವೇಷದ (ಹುಲಿವೇಷದ) ಬ್ಯಾಂಡ್ ಅಂದ್ರೆ ಜೀವ. ತಾಸೆ ಯಾವ ಸ್ಪೀಕರಿನಲ್ಲಾದರೂ ಕೇಳ್ತದೆ, ಡೋಲು ಎದೆಗೆ ಬಡಿಯಬೇಕಾದರೆ ಸಬ್ ಬೇಕೇ ಬೇಕು. ಎರಡನ್ನೂ ಸೇರಿಸಿ ಸರಿಯಾಗಿ 2 ಓಮ್ ತರ್ಲಿಕ್ಕೆ ಹೇಗೆ?

ಬೈಂದೂರು ಬೇಸ್:
ಸುಲಭ ಉಂಟು. ಪ್ರತಿ ಸಬ್‌ನ ಒಂದೊಂದೇ ಕಾಯಿಲಿಗೆ ವಯರ್ ಕೊಡಿ, ಇನ್ನೊಂದು ಕಾಯಿಲ್ ಖಾಲಿ ಬಿಡಿ. 4 ಮತ್ತು 4 ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಆದ್ರೆ 2 ಓಮ್.

ಕಂಕನಾಡಿ ವಯರಿಂಗ್:
ಆ ದಾರಿ ದಯವಿಟ್ಟು ಬೇಡ. ಲೆಕ್ಕದಲ್ಲಿ 2 ಓಮ್ ಬರುದು ನಿಜ. ಆದರೆ ಕೋನನ್ನು ತಳ್ಳುವ ಕಾಯಿಲ್ ಅರ್ಧ ಆಗ್ತದೆ, ಸಬ್ ತಡೆಯುವ ವಾಟ್ ಕೂಡ ಅರ್ಧಕ್ಕೆ ಇಳಿಯುತ್ತದೆ. ಕೋನಿನ ಮೇಲಿನ ಹಿಡಿತ ಸಡಿಲ ಆಗಿ, ಎರಡೂ ಕಾಯಿಲಿಗೆ ಲೆಕ್ಕ ಹಾಕಿ ಮಾಡಿದ ಪೆಟ್ಟಿಗೆಯಲ್ಲಿ ಬೇಸ್ ಗುಂಯ್ ಅಂತ ಎಳೆಯುತ್ತದೆ. ಡೋಲಿನ ಪೆಟ್ಟು ಒಂದೊಂದೂ ಬೇರೆಬೇರೆ ಕೇಳಬೇಕಾದವರಿಗೆ ಅದು ಆಗುದಿಲ್ಲ.

ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ಈಗ ಎಂತ ಉಂಟು ಅಂತ ನೋಡುವ. ಆಂಪಿನಿಂದ ಸ್ಪೀಕರ್ ವಯರ್ ಎರಡನ್ನೂ ಕಳಚಿ, ಮಲ್ಟಿಮೀಟರನ್ನು ಓಮಿಗೆ ಇಟ್ಟು ಅಳೆಯಿರಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಸಂಖ್ಯೆಯನ್ನು ಕಳೆಯಲು ಮರೆಯಬೇಡಿ. ಮೀಟರ್ ತೋರಿಸುದು ಬರೀ ಡಿಸಿ ರೆಸಿಸ್ಟೆನ್ಸ್, ಸಬ್‌ನ ಮೇಲೆ ಬರೆದ 4 ಓಮ್ ಎಸಿಯ ಲೆಕ್ಕ. ಆದ್ದರಿಂದ 4 ಓಮಿನ ಕಾಯಿಲ್ ಸಾಮಾನ್ಯವಾಗಿ ಮೂರೂವರೆ ಆಸುಪಾಸು ತೋರಿಸ್ತದೆ, ಕಾಯಿಲ್ ಹಾಳಾಗಿದೆ ಅಂತ ಹೆದರಬೇಡಿ. ನಿಮ್ಮದರಲ್ಲಿ 0.9ರ ಹತ್ರ ಬಂದರೆ ನಾಲ್ಕೂ ಕಾಯಿಲ್ ಪ್ಯಾರಲಲ್, ಅಂದರೆ 1 ಓಮ್. ಅದೇ ಇರಬೇಕು ಅಂತ ನನಗೆ ಅನಿಸುದು.

2 ಓಮಿಗೆ 500 ವಾಟ್ ಕೊಡುವಾಗ ಆಂಪ್ ಸುಮಾರು 32 ವೋಲ್ಟಿನಲ್ಲಿ 16 ಆಂಪಿಯರ್ ದೂಡ್ತದೆ. ಅದೇ ವೋಲ್ಟಿಗೆ 1 ಓಮ್ ಸಿಕ್ಕಿದರೆ 32 ಆಂಪಿಯರ್ ಕೇಳ್ತದೆ. ಅಷ್ಟನ್ನು ತಡೆಯುವ ಹಾಗೆ ಅದನ್ನು ಮಾಡಲೇ ಇಲ್ಲ. ಬಿಸಿ ಆಗಿ ತನ್ನನ್ನು ತಾನೇ ಬಂದ್ ಮಾಡ್ತಾ ಉಂಟಲ್ಲ, ಅದು ನಿಮ್ಮ ಪುಣ್ಯ. ನಾನು ಈ ಕೆಲಸ ಕಲಿಯುವ ಕಾಲದಲ್ಲಿ ಒಂದು ಟೂರಿಸ್ಟ್ ಬಸ್ಸಿನ ಫೋರ್ ಚಾನಲ್ ಆಂಪನ್ನು ಬ್ರಿಡ್ಜ್ ಮಾಡಿ (ಎರಡು ಚಾನಲ್ ಸೇರಿಸಿ ಒಂದು ಮಾಡಿ) 2 ಓಮ್ ಕೊಟ್ಟಿದ್ದೆ. ಬ್ರಿಡ್ಜಿನಲ್ಲಿ ಒಂದೊಂದು ಚಾನಲಿಗೆ ಅರ್ಧ ಲೋಡ್ ಮಾತ್ರ ಕಾಣುದು, ಅಂದರೆ ತಲಾ 1 ಓಮ್, ಅಂತ ಆಗ ನನಗೆ ಗೊತ್ತಿರಲಿಲ್ಲ. ಆ ಆಂಪಿನಲ್ಲಿ ತಾನೇ ಬಂದ್ ಆಗುವ ಪ್ರೊಟೆಕ್ಟ್ ಕೆಲಸ ಮಾಡಲಿಲ್ಲ, ಹೊಗೆ ಬಂತು. ಮೂರು ತಿಂಗಳು ಸಂಬಳದಿಂದ ಕಟ್ಟಿದೆ. ಅಂದಿನಿಂದ ಮೀಟರ್ ಹಿಡಿಯದೆ ಒಂದು ಆಂಪನ್ನೂ ಆನ್ ಮಾಡಿದವನಲ್ಲ.

ಈಗ ನಿಮ್ಮ ಪ್ರಶ್ನೆ. ಇಂಥ ಎರಡು ಸಬ್‌ನಿಂದ, ಎಲ್ಲಾ ಕಾಯಿಲಿಗೂ ಸಮ ಪಾಲು ಸಿಗುವ ಹಾಗೆ, 2 ಓಮ್ ತರಲಿಕ್ಕೆ ಆಗುದೇ ಇಲ್ಲ. ಸಿಗುದು 1, 4 ಅಥವಾ 16. ಕಾಯಿಲ್ ತಲಾ 2 ಓಮಿನದ್ದಾಗಿದ್ದರೆ 2 ಬರ್ತಿತ್ತು. ನೀವು 4 ಓಮ್ ಮಾಡಿ. ಒಂದು ಸಬ್‌ನೊಳಗೆ ಮೊದಲ ಕಾಯಿಲಿನ ಮೈನಸನ್ನು ಎರಡನೇ ಕಾಯಿಲಿನ ಪ್ಲಸ್ಸಿಗೆ ತುಂಡು ವಯರಿನಿಂದ ಸೇರಿಸಿ. ಉಳಿದ ಒಂದು ಪ್ಲಸ್, ಒಂದು ಮೈನಸ್ ನಡುವೆ 8 ಓಮ್ ಆಯ್ತು. ಇನ್ನೊಂದಕ್ಕೂ ಹಾಗೇ. ಆಮೇಲೆ ಎರಡು ಸಬ್‌ನ ಪ್ಲಸ್ ಎರಡೂ ಆಂಪಿನ ಪ್ಲಸ್ಸಿಗೆ, ಮೈನಸ್ ಎರಡೂ ಮೈನಸ್ಸಿಗೆ. ಮೀಟರಿನಲ್ಲಿ ಮೂರೂವರೆ ಹತ್ರ ಬರಬೇಕು, ಬಾರದೆ ಆನ್ ಮಾಡಬೇಡಿ.

500 ಹೋಗಿ 300 ಆಯ್ತಲ್ಲ ಅಂತ ಬೇಜಾರು ಬೇಡ. ಒಂದೇ ಸಬ್ಬಿಗೆ 500 ವಾಟ್ ಕೊಟ್ಟದ್ದಕ್ಕಿಂತ ಇದು ಕಡಿಮೆ ಇಲ್ಲ: ವಾಟಿನಲ್ಲಿ ಕಳೆಯುದು ಎರಡು ಡೆಸಿಬಲ್ ಚಿಲ್ಲರೆ, ಎರಡನೇ ಕೋನಿನಿಂದ ಸಿಗುದು ಹತ್ರಹತ್ರ ಮೂರು.

ಸಂತೆಕಟ್ಟೆ ಸ್ವಿಫ್ಟ್:
ನೀವು ಹೇಳಿದ್ದೇ, 0.9 ಬಂತು. ಇವತ್ತು ಆದಿತ್ಯವಾರ ಕೂತು ನಾನೇ ವಯರ್ ಬದಲಿಸಿದೆ, ಈಗ 3.6. ಆಂಪ್ ತಣ್ಣಗೆ ಉಂಟು. ಆದರೆ ಬೇಸೇ ಇಲ್ಲ! ಕೋನ್ ಎರಡೂ ಅಲ್ಲಾಡುದು ಕಣ್ಣಿಗೆ ಕಾಣ್ತದೆ, ಡೋಲು ಮಾತ್ರ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಆಂಪಿನ ಗೇಯ್ನ್ (ಸಿಗ್ನಲ್ ಎಷ್ಟು ಏರಿಸಬೇಕು ಅಂತ ಇಡುವ ತಿರುಪು) ಜಾಸ್ತಿ ಮಾಡಲಾ?

ಕಂಕನಾಡಿ ವಯರಿಂಗ್:
ಗೇಯ್ನ್ ಮುಟ್ಟಬೇಡಿ. ಒಂದು ಸಬ್ ಉಲ್ಟಾ ಆಗಿದೆ. ಒಂದು ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗಿ, ಒಂದರ ಗಾಳಿಯನ್ನು ಇನ್ನೊಂದು ತಿಂತಾ ಉಂಟು. ಇದು ಮೀಟರಿನಲ್ಲಿ ಗೊತ್ತಾಗುದಿಲ್ಲ. ಆಂಪಿನ ವಯರ್ ಕಳಚಿ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ತಕ್ಕೊಂಡು, ಒಂದೊಂದೇ ಸಬ್ಬಿನ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬರಬೇಕು. ಒಳಗೆ ಹೋದರೆ ಆ ಸಬ್‌ನ ವಯರ್ ಅದಲುಬದಲು. ಅಲ್ಲಾಡದಿದ್ದರೆ ಒಳಗಿನ ತುಂಡು ವಯರೇ ತಪ್ಪು.

ಸರಿಯಾದ ಮೇಲೆ ಗೇಯ್ನನ್ನು ಕಿವಿಯಿಂದ ಇಡಬೇಡಿ. ಸ್ಪೀಕರ್ ವಯರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮಿನಲ್ಲಿ ಇರುವಾಗ ಆಂಪಿನ ಔಟ್‌ಪುಟ್ಟಿನಲ್ಲಿ ಎಸಿ 34 ವೋಲ್ಟ್ ಬರುವಲ್ಲಿಗೆ ನಿಲ್ಲಿಸಿ. 4 ಓಮಿಗೆ 300 ವಾಟ್ ಅಂದ್ರೆ ಅಷ್ಟೇ. ಅದಕ್ಕಿಂತ ತಿರುಗಿಸಿದರೆ ಕ್ಲಿಪ್ ಆಗಿ (ಸೌಂಡಿನ ಅಲೆಯ ತುದಿ ಕತ್ತರಿಸಿ ಹೋಗಿ) ಕಾಯಿಲ್ ಸುಡ್ತದೆ.

ಇನ್ನೊಂದು, ಆಂಪಿನ ಅರ್ಥ್ ಎಲ್ಲಿ ಕೊಟ್ಟಿದ್ದಾರೆ ನೋಡಿ. ನಮ್ಮ ಕಡಲ ಬದಿಯ ಗಾಳಿಗೆ ಎರಡು ಮಳೆಗಾಲದಲ್ಲಿ ತಾಮ್ರ ಹಸಿರಾಗ್ತದೆ.

ಸಂತೆಕಟ್ಟೆ ಸ್ವಿಫ್ಟ್:
ಭಾವ ಕೊಟ್ಟ ಸಬ್ಬೇ ಒಳಗೆ ಹೋದದ್ದು! ಬದಲಿಸಿದೆ. ನಿನ್ನೆ ಪಂಪ್‌ವೆಲ್‌ವರೆಗೆ ಒಂದೂ ಸಲ ನಿಲ್ಲಿಸದೆ ಬಂದೆ, ಆಂಪ್ ಉಗುರು ಬೆಚ್ಚಗೆ. ಮುಲ್ಕಿ ಸೇತುವೆಯ ಮೇಲೆ ಡೋಲಿನ ಮೊದಲ ಪೆಟ್ಟು ಬಿದ್ದಾಗ ಮೈ ಜುಂ ಅಂತು, ಹಿಂದೆ ಕೂತ ಮಗಳು ಕುಣಿದದ್ದೇ ಕುಣಿದದ್ದು.

ಅರ್ಥ್ ನೋಡಿದೆ. ಸೀಟ್ ಬೆಲ್ಟಿನ ಬೋಲ್ಟಿಗೆ, ಪೈಂಟಿನ ಮೇಲೆಯೇ ಸಿಕ್ಕಿಸಿದ್ದಾರೆ, ವಯರಿನ ತುದಿ ಹಸಿರು.

ಕಂಕನಾಡಿ ವಯರಿಂಗ್:
ಬೆಲ್ಟಿನ ಬೋಲ್ಟ್ ಜೀವ ಉಳಿಸುವಂಥದ್ದು, ಅದರಿಂದ ಇವತ್ತೇ ತೆಗೆಯಿರಿ. ಬೇರೆ ಕಡೆ ಗಟ್ಟಿ ಬಾಡಿ ನೋಡಿ, ಕೆಳಗೆ ಪೆಟ್ರೋಲ್ ಟ್ಯಾಂಕ್, ಪೈಪ್ ಇಲ್ಲ ಅಂತ ಖಚಿತ ಮಾಡಿ. ಪೈಂಟ್ ಕೆರೆದು ಬಿಳಿ ತಗಡು ಕಾಣಬೇಕು. ಹಸಿರಾದ ತುದಿ ಕತ್ತರಿಸಿ ಹೊಸ ಲಗ್ (ವಯರಿನ ತುದಿಗೆ ಹಾಕುವ ಲೋಹದ ಬಳೆ) ಒತ್ತಿ, ಬೋಲ್ಟ್ ಬಿಗಿದ ಮೇಲೆ ಸುತ್ತ ಗ್ರೀಸ್ ಹಚ್ಚಿ. ಮುಂದೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಉಂಟಾ ಅಂತಲೂ ಬಾನೆಟ್ ತೆಗೆದು ನೋಡಿ ಹೇಳಿ.