ಸಿವಿಲ್ ವಾರ್ ಬಗ್ಗೆ ಮಕ್ಕಳಿಗೆ ಏನು ಹೇಳಬೇಕು? ನನ್ನ ಉತ್ತರ ಸ್ವಲ್ಪ ಉದ್ದ ಇದೆ

ಎಲ್ಲರಿಗೂ ನಮಸ್ಕಾರ. ಮಗನಿಗೆ ಶಾಲೆಯಲ್ಲಿ ಅಮೆರಿಕದ ಸಿವಿಲ್ ವಾರ್ (1861ರಿಂದ 1865ರವರೆಗೆ ಉತ್ತರದ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ) ಪ್ರಾಜೆಕ್ಟ್ ಕೊಟ್ಟಿದ್ದಾರೆ, ಮನೆಯಲ್ಲಿ ಏನು ಹೇಳಿಕೊಡಲಿ ಅಂತ ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. "ಅದು ರಾಜ್ಯಗಳ ಹಕ್ಕಿನ ಜಗಳ" ಅಂದರು ಒಬ್ಬರು. "ಅವರವರೇ ಹೊಡೆದಾಡಿಕೊಂಡಿದ್ದು, ನಾವು ಅಮೆರಿಕಕ್ಕೆ ಬಂದಿದ್ದು ಮೊನ್ನೆ ಮೊನ್ನೆ, ನಮಗ್ಯಾಕೆ" ಅಂದರು ಇನ್ನೊಬ್ಬರು. ಎರಡೂ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ವರ್ಜೀನಿಯಾದ ರಿಚ್ಮಂಡ್ ಹತ್ತಿರ ಮನೆ ಮಾಡಿ 11 ವರ್ಷ ಆಯಿತು. ಯುದ್ಧದ ಕಾಲದಲ್ಲಿ ದೇಶ ಬಿಟ್ಟು ಹೋದ ದಕ್ಷಿಣದ ರಾಜ್ಯಗಳಿಗೆ ಇದೇ ಊರು ರಾಜಧಾನಿ. ಇಲ್ಲಿನ ಮಾನ್ಯುಮೆಂಟ್ ಅವೆನ್ಯೂದಲ್ಲಿ ಆ ಕಡೆಯ ಸೇನಾಪತಿ ರಾಬರ್ಟ್ ಲೀ ಕುದುರೆ ಮೇಲೆ ಕೂತಿರುವ ದೊಡ್ಡ ಪ್ರತಿಮೆ ಇತ್ತು. 1890ರಲ್ಲಿ ನಿಲ್ಲಿಸಿದ್ದು, 2021ರ ಸೆಪ್ಟೆಂಬರಿನಲ್ಲಿ ಇಳಿಸಿದರು. ಮಗಳಿಗೆ ಆಗ ಎಂಟು ವರ್ಷ. "ಅಮ್ಮಾ, ಸೋತವರಿಗೆ ಯಾಕೆ ಇಷ್ಟು ದೊಡ್ಡ ಪ್ರತಿಮೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸನದಲ್ಲಿ ನಾನು ಓದಿದ ಸಮಾಜ ಪುಸ್ತಕದಲ್ಲಿ ಲಿಂಕನ್ ಅಂದರೆ ಗುಲಾಮರನ್ನು ಬಿಡಿಸಿದವರು, ಅಷ್ಟೇ, ಎರಡು ಸಾಲು. ಆವತ್ತಿನಿಂದ ಓದಲು ಶುರು ಮಾಡಿದೆ.

ಮೊದಲು ಆ "ರಾಜ್ಯಗಳ ಹಕ್ಕು" ವಿಷಯ, ಅಂದರೆ ಕೇಂದ್ರ ಸರ್ಕಾರ ಕೈ ಹಾಕದಂತೆ ರಾಜ್ಯಗಳು ತಮ್ಮ ವಿಷಯ ತಾವೇ ತೀರ್ಮಾನಿಸುವ ಹಕ್ಕಿಗಾಗಿ ಯುದ್ಧ ಆಯಿತು ಅನ್ನುವ ವಾದ. ಬಿಟ್ಟು ಹೋದವರು ತಾವು ಯಾಕೆ ಹೋಗುತ್ತಿದ್ದೇವೆ ಅಂತ ತಾವೇ ಬರೆದಿಟ್ಟಿದ್ದಾರೆ. ನಾವು ಊಹೆ ಮಾಡುವ ಅಗತ್ಯವೇ ಇಲ್ಲ. 1861ರ ಜನವರಿಯಲ್ಲಿ ಮಿಸಿಸಿಪ್ಪಿ ರಾಜ್ಯ ಹೊರಡಿಸಿದ ಹೇಳಿಕೆಯ ಶುರುವಿನಲ್ಲೇ ನಮ್ಮ ನಿಲುವು ಪೂರ್ತಿ ಗುಲಾಮಗಿರಿಗೆ ಸೇರಿದ್ದು ಅಂತ ಇದೆ. ಎಲ್ಲರಿಗಿಂತ ಮೊದಲು, 1860ರ ಡಿಸೆಂಬರಿನಲ್ಲಿ, ಹೊರಟ ಸೌತ್ ಕೆರೊಲಿನಾದ ಹೇಳಿಕೆ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಹಿಡಿದು ವಾಪಸ್ ಕೊಡುತ್ತಿಲ್ಲ, ನ್ಯೂಯಾರ್ಕಿನ ಕೋರ್ಟುಗಳು ಗುಲಾಮರನ್ನು ಜೊತೆಗೆ ಕರೆದುಕೊಂಡು ಆ ರಾಜ್ಯ ದಾಟಲೂ ಬಿಡುತ್ತಿಲ್ಲ ಅನ್ನುವುದು ಅವರ ದೂರು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರಿಗೆ ತಪ್ಪಾಗಿ ಕಂಡಿತು. ಹೊಸ ದೇಶಕ್ಕೆ ಬರೆದುಕೊಂಡ ಸಂವಿಧಾನದಲ್ಲಿ ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ಅಲ್ಲಿನ ಕಾಂಗ್ರೆಸ್ ಮಾಡುವಂತೆಯೇ ಇಲ್ಲ ಅಂತ ಹಾಕಿಕೊಂಡರು. ನಿಮ್ಮ ಮಗನಿಗೆ ಈ ಕಾಗದಗಳನ್ನೇ ಓದಿಸಿ. ಎಲ್ಲ ಆನ್‌ಲೈನ್ ಸಿಗುತ್ತವೆ.

ಇದರ ಹಿಂದೆ ಇದ್ದಿದ್ದು ದುಡ್ಡು. 1790ರಲ್ಲಿ ಇಡೀ ದೇಶದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. ಹತ್ತಿಯಿಂದ ಬೀಜ ಬಿಡಿಸುವ ಹೊಸ ಯಂತ್ರ ಬಂತು, ಹತ್ತಿ ಬೆಳೆ ದಕ್ಷಿಣಕ್ಕೆಲ್ಲ ಹಬ್ಬಿತು, 1860ರ ಹೊತ್ತಿಗೆ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಲೆಕ್ಕದ ಪುಸ್ತಕದಲ್ಲಿ ಅವರಿಗೆ ಹಾಕಿದ್ದ ಬೆಲೆ ದೇಶದ ರೈಲು, ಕಾರ್ಖಾನೆ ಎಲ್ಲ ಸೇರಿಸಿದರೂ ಅದಕ್ಕಿಂತ ಜಾಸ್ತಿ. ನಮ್ಮ ರಿಚ್ಮಂಡಿನ ಶಾಕೋ ಬಾಟಮ್‌ನಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಅಮ್ಮನನ್ನು ಒಬ್ಬ ಕೊಂಡರೆ ಮಗುವನ್ನು ಇನ್ನೊಬ್ಬ. ಆ ಜಾಗಕ್ಕೆ ಹೋದಾಗ ನಾನು ಮಗಳ ಕೈ ಬಿಡಲಿಲ್ಲ, ಯಾಕೆ ಅಂತ ಅವಳೂ ಕೇಳಲಿಲ್ಲ.

ಲಿಂಕನ್ ಬಗ್ಗೆಯೂ ಇದ್ದದ್ದು ಇದ್ದಂತೆ ಹೇಳಿ. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ, ಪಶ್ಚಿಮದ ಹೊಸ ಪ್ರದೇಶಗಳಿಗೆ ಹಬ್ಬಲು ಮಾತ್ರ ಬಿಡುವುದಿಲ್ಲ ಅಂತ ಹೇಳಿಯೇ 1860ರ ಚುನಾವಣೆ ಗೆದ್ದರು. ಅಷ್ಟಕ್ಕೇ ಏಳು ರಾಜ್ಯ ಹೊರಟವು. 1861ರ ಏಪ್ರಿಲ್ 12ಕ್ಕೆ ದಕ್ಷಿಣದವರು ಸೌತ್ ಕೆರೊಲಿನಾದಲ್ಲಿ ಲಿಂಕನ್ ಸರ್ಕಾರದ ಕೈಯಲ್ಲಿದ್ದ ಫೋರ್ಟ್ ಸಮ್ಟರ್ ಕೋಟೆ ಮೇಲೆ ಫಿರಂಗಿ ಹಾರಿಸಿದರು, ಯುದ್ಧ ಶುರುವಾಯಿತು, ಆಮೇಲೆ ನಮ್ಮ ವರ್ಜೀನಿಯಾ ಸೇರಿ ಇನ್ನೂ ನಾಲ್ಕು. ಗುಲಾಮಗಿರಿ ಇದ್ದ ನಾಲ್ಕು ರಾಜ್ಯ ಲಿಂಕನ್ ಕಡೆಯೇ ಉಳಿದವು ಅನ್ನುವುದನ್ನೂ ಮುಚ್ಚಿಡಬೇಡಿ.

ಯುದ್ಧಗಳ ಪಟ್ಟಿ ಶಾಲೆಯಲ್ಲಿ ಹೇಳಿಕೊಡುತ್ತಾರೆ, ನಾನು ಅದಕ್ಕೆ ಹೋಗುವುದಿಲ್ಲ. ನಾಲ್ಕು ವರ್ಷದಲ್ಲಿ ಸತ್ತವರು ಆರು ಲಕ್ಷಕ್ಕಿಂತ ಜಾಸ್ತಿ. ನಾನು ಹೇಳಬೇಕು ಅಂದುಕೊಂಡಿದ್ದು ಫೋರ್ಟ್ ಮನ್ರೋ ಕಥೆ.

ಇಲ್ಲಿಂದ ಒಂದೂವರೆ ಗಂಟೆ ದಾರಿ, ಹ್ಯಾಂಪ್ಟನ್ ಊರಿನ ತುದಿಯಲ್ಲಿ ನೀರಿನ ಪಕ್ಕ ಇರುವ ಕಲ್ಲಿನ ಕೋಟೆ. ಸುತ್ತ ಕಂದಕ, ಅದರಲ್ಲಿ ಇನ್ನೂ ನೀರಿದೆ. 1861ರ ಮೇ 23ಕ್ಕೆ ವರ್ಜೀನಿಯಾದ ಮತದಾರರು ದೇಶ ಬಿಡುವುದಕ್ಕೆ ವೋಟು ಹಾಕಿದರು. ಅದೇ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಅನ್ನುವ ಮೂವರು ಗುಲಾಮರು ಒಂದು ಸಣ್ಣ ದೋಣಿ ತೆಗೆದುಕೊಂಡು ಹುಟ್ಟು ಹಾಕುತ್ತಾ ಈ ಕೋಟೆಗೆ ಬಂದರು. ಆಚೆ ದಡದಲ್ಲಿ ದಕ್ಷಿಣದ ಸೇನೆಗೆ ಫಿರಂಗಿ ಕಟ್ಟೆ ಕಟ್ಟಲು ಅವರನ್ನು ಹಾಕಿದ್ದರು, ಮುಂದೆ ಹೆಂಡತಿ ಮಕ್ಕಳಿಂದ ದೂರ ನಾರ್ತ್ ಕೆರೊಲಿನಾಗೆ ಸಾಗಿಸುವ ಮಾತಿತ್ತು. ಕೋಟೆ ಲಿಂಕನ್ ಸರ್ಕಾರದ ಕೈಯಲ್ಲಿತ್ತು, ಆದರೆ ಅಲ್ಲಿ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ ಅನ್ನುವ ಖಾತ್ರಿ ಏನೂ ಇರಲಿಲ್ಲ. ಓಡಿಬಂದವರನ್ನು ವಾಪಸ್ ಕೊಡಬೇಕು ಅನ್ನುವ 1850ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಮರುದಿನ ದಕ್ಷಿಣದ ಸೇನೆಯ ಒಬ್ಬ ಮೇಜರ್ ಬಿಳಿ ಬಾವುಟ ಹಿಡಿದು ಬಂದು ಮೂವರನ್ನೂ ಕೊಡಿ ಅಂತ ಕೇಳಿದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೊದಲು ವಕೀಲರಾಗಿದ್ದವರು. ನೀವು ಬೇರೆ ದೇಶ ಅನ್ನುತ್ತೀರಿ, ಹಾಗಾದರೆ ನಮ್ಮ ಕಾನೂನು ನಿಮಗೆ ಯಾಕೆ? ಇವರು ನಿಮ್ಮ ಆಸ್ತಿ ಅನ್ನುತ್ತೀರಿ, ಆ ಆಸ್ತಿ ನಮ್ಮ ಮೇಲೆ ಯುದ್ಧಕ್ಕೆ ಬಳಸುತ್ತಿದ್ದೀರಿ, ಅದಕ್ಕೆ ಜಪ್ತಿ ಮಾಡಿದ್ದೇನೆ ಅನ್ನುವುದು ಅವರ ವಾದ. ಸುದ್ದಿ ಹಬ್ಬಿತು. ಮಕ್ಕಳನ್ನು ಎತ್ತಿಕೊಂಡು ಸಂಸಾರ ಸಂಸಾರವೇ ನಡೆದು ಬಂದವು, ಜುಲೈ ಕೊನೆಗೆ ಸುಮಾರು 900 ಜನ.

ಲಿಂಕನ್ ಬಿಡುಗಡೆಯ ಘೋಷಣೆ ಮಾಡಿದ್ದು 1863ರ ಜನವರಿ 1ಕ್ಕೆ. ಈ ಮೂವರು ದೋಣಿ ಹತ್ತಿದ್ದು ಅದಕ್ಕಿಂತ ಒಂದೂವರೆ ವರ್ಷ ಮೊದಲು. ನನಗೆ ತುಂಬಾ ಮುಖ್ಯ ಅನಿಸಿದ್ದು ಇದು. ಯಾರೋ ಬಂದು ಬಿಡಿಸಿದರು ಅಂತಷ್ಟೇ ಮಕ್ಕಳು ತಿಳಿದುಕೊಳ್ಳಬಾರದು. ಕೊನೆಗೆ ಸುಮಾರು 1,80,000 ಕಪ್ಪು ಜನ ಲಿಂಕನ್ ಸೇನೆ ಸೇರಿ ಹೋರಾಡಿದರು. ಇನ್ನೊಂದು ವಿಷಯ. 1619ರಲ್ಲಿ ಇಂಗ್ಲಿಷರ ವರ್ಜೀನಿಯಾಗೆ ಮೊದಲ ಸಲ ಆಫ್ರಿಕದಿಂದ ಹಿಡಿದು ತಂದ ಇಪ್ಪತ್ತು ಚಿಲ್ಲರೆ ಜನರನ್ನು ಇಳಿಸಿದ್ದು ಇದೇ ದಡದಲ್ಲಿ. ಕಂದಕದ ಪಕ್ಕ ನಿಂತು ಅದನ್ನು ಹೇಳಿದಾಗ ಮಗಳು ನೀರನ್ನೇ ನೋಡುತ್ತಾ ಸುಮ್ನೆ ನಿಂತುಬಿಟ್ಟಳು.

ಇನ್ನು "ನಮಗ್ಯಾಕೆ" ಅಂದವರಿಗೆ. ನಮ್ಮಲ್ಲಿ ಬಹಳ ಜನ ವೀಸಾ ಮೇಲೆ ಇದ್ದಾಗಲೇ ಮಕ್ಕಳು ಹುಟ್ಟಿದರು. ಗ್ರೀನ್ ಕಾರ್ಡ್ ಲೈನಿನಲ್ಲಿ ನಾವು ಇನ್ನೂ ನಿಂತಿದ್ದೇವೆ, ಮಕ್ಕಳ ಕೈಯಲ್ಲಿ ಆಗಲೇ ಇಲ್ಲಿನ ಪಾಸ್‌ಪೋರ್ಟ್ ಇದೆ. ಅದು ಎಲ್ಲಿಂದ ಬಂತು? ಇಲ್ಲಿ ಹುಟ್ಟಿದವರು ಇಲ್ಲಿನ ಪ್ರಜೆಗಳು ಅನ್ನುವ, ಸಂವಿಧಾನದ 1868ರ 14ನೇ ತಿದ್ದುಪಡಿಯಿಂದ. ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಅಂತ ಸುಪ್ರೀಂ ಕೋರ್ಟು 1857ರ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಹೇಳಿತ್ತು. ಅಷ್ಟು ರಕ್ತ ಹರಿದ ಮೇಲೆ ಆ ತೀರ್ಪನ್ನು ಅಳಿಸಿಹಾಕಲು ಈ ತಿದ್ದುಪಡಿ ತಂದರು. ಗುಲಾಮರಾಗಿದ್ದವರಿಗಾಗಿ ಬರೆದ ಸಾಲಿನ ನೆರಳಿನಲ್ಲಿ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ಆಗ ನಮ್ಮ ನಾಡಿಗೂ ಇದರ ಬಿಸಿ ತಟ್ಟಿತ್ತು. ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಮಿಲ್ಲುಗಳು ಭಾರತದ ಕಡೆ ತಿರುಗಿದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು, ಯುದ್ಧ ಮುಗಿದ ಮೇಲೆ ಕುಸಿಯಿತು. ಆ ಕಡೆಯ ಮನೆತನದವರು ಇಲ್ಲಿದ್ದರೆ ಹಿರಿಯರನ್ನು ಕೇಳಿ ನೋಡಿ, ಏನಾದರೂ ನೆನಪು ಉಳಿದಿರಬಹುದು.

ಒಂದು ಪ್ರಶ್ನೆಗೆ ತಯಾರಾಗಿರಿ. ಕೋಟೆಯಿಂದ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, "ಅಜ್ಜಿ ಊರಲ್ಲೂ ಹೀಗೆ ಇತ್ತಾ?" ಇಲ್ಲ ಅಂದುಬಿಡುವುದು ಸುಲಭವಾಗಿತ್ತು. ನಾನು ಜೀತದ ಬಗ್ಗೆ ಹೇಳಿದೆ. ಸಾಲ ತೀರಿಸಲು ಮಗನನ್ನು ಗೌಡರ ಮನೆಗೆ ಜೀತಕ್ಕೆ ಬಿಡುತ್ತಿದ್ದರು, ಅದನ್ನು ಕಾನೂನು ತಂದು ನಿಲ್ಲಿಸಿದ್ದು 1976ರಲ್ಲಿ, ನಿನ್ನ ಅಜ್ಜಿಗೆ ಆಗ ಮದುವೆ ಆಗಿತ್ತು ಅಂದೆ. ಜಾತಿಯ ಬಗ್ಗೆಯೂ ಹೇಳಿದೆ. ಅಮೆರಿಕದ್ದು ಬೇರೆ ರೀತಿ, ಅಲ್ಲಿ ಗುಲಾಮ ತಾಯಿಗೆ ಹುಟ್ಟುವ ಮಗುವೂ ಯಜಮಾನನ ಆಸ್ತಿ ಆಗುತ್ತಿತ್ತು ಅಂತ ವ್ಯತ್ಯಾಸ ಬಿಡಿಸಿ ಹೇಳಿದೆ, ಆದರೆ ನಮ್ಮದು ಚಿನ್ನ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಚಿಕ್ಕ ಮಕ್ಕಳಿಗೆ ಒಂದು ವಿಷಯ ಹೇಳಿ. ರಿಚ್ಮಂಡ್ ಬಿದ್ದ ಮರುದಿನ, 1865ರ ಏಪ್ರಿಲ್ 4ಕ್ಕೆ, ಲಿಂಕನ್ ತಮ್ಮ ಮಗ ಟ್ಯಾಡ್‌ನ ಕೈ ಹಿಡಿದು ಸುಟ್ಟ ಊರೊಳಗೆ ನಡೆದು ಬಂದರು. ಹುಡುಗನಿಗೆ ಆವತ್ತೇ 12 ತುಂಬಿತ್ತು. ಹತ್ತು ದಿನಕ್ಕೆ ಅಪ್ಪನಿಗೆ ಗುಂಡು ಬಿತ್ತು.

ಮುಂದಿನ ತಿಂಗಳ ಎರಡನೇ ಶನಿವಾರ ನಾವು ಮತ್ತೆ ಫೋರ್ಟ್ ಮನ್ರೋಗೆ ಹೋಗುತ್ತಿದ್ದೇವೆ. ಪ್ರಾಜೆಕ್ಟ್ ಇರುವ ಮಗನನ್ನು ಕರೆದುಕೊಂಡು ಬನ್ನಿ, ಬೇರೆಯವರೂ ಬನ್ನಿ. ಚಿತ್ರಾನ್ನ, ಮೊಸರನ್ನ ನಾನು ತರುತ್ತೇನೆ. ಎಷ್ಟು ಜನ ಅಂತ ಗುರುವಾರದೊಳಗೆ ತಿಳಿಸಿ.