ಸಹಾಯ ಬೇಕು: ಲೇಸರ್ ಪ್ರಿಂಟ್ ಮೇಲೆ ಲಿನೋ ಅಚ್ಚಿನ ಶಾಯಿ ಒಣಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಒಂದು ಪೋಸ್ಟರ್ ಸರಣಿ ಮಾಡುತ್ತಿದ್ದೇನೆ. ಹಿನ್ನೆಲೆಯ ಬಣ್ಣಗಳನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆದು, ಅದರ ಮೇಲೆ ಲಿನೋದಲ್ಲಿ (ಕೆತ್ತಿ ಅಚ್ಚು ಮಾಡುವ ಮೆತ್ತನೆಯ ಲಿನೋಲಿಯಂ ಹಾಳೆ) ಕೈಯಾರೆ ಕೆತ್ತಿದ ದೊಡ್ಡ ಅಕ್ಷರಗಳನ್ನು ಎಣ್ಣೆ ಬೆರೆತ ಕಪ್ಪು ಶಾಯಿಯಲ್ಲಿ ಒತ್ತುತ್ತೇನೆ. ಕೆತ್ತಿದ ಅಕ್ಷರದ ಅಂಚಿನಲ್ಲಿರುವ ಜೀವ ಕಂಪ್ಯೂಟರಿನ ಫಾಂಟಿನಲ್ಲಿ ನನಗೆ ಸಿಗಲೇ ಇಲ್ಲ, ಹಾಗಾಗಿ ಇದನ್ನು ಬಿಡಲು ಮನಸ್ಸಿಲ್ಲ.

ಬರೀ ಕಾಗದದ ಮೇಲೆ ಬಿದ್ದ ಶಾಯಿ 2–3 ದಿನದಲ್ಲಿ ಒಣಗುತ್ತದೆ. ಟೋನರ್ (ಲೇಸರ್ ಪ್ರಿಂಟರಿನ ಬಣ್ಣದ ಪುಡಿ) ದಟ್ಟವಾಗಿರುವ ಕಡೆ ವಾರ ಕಳೆದರೂ ಅಂಟಂಟು. ಟೋನರ್ ಅಂದರೆ ಪ್ಲಾಸ್ಟಿಕ್ ಪದರ, ಶಾಯಿ ಹೀರುವುದಿಲ್ಲ, ಅಷ್ಟು ಗೊತ್ತು. ಶಾಯಿಗೆ ಸ್ವಲ್ಪ ಕೋಬಾಲ್ಟ್ ಡ್ರೈಯರ್ (ಎಣ್ಣೆ ಶಾಯಿಯನ್ನು ಬೇಗ ಒಣಗಿಸುವ ದ್ರವ) ಬೆರೆಸಿದರೆ ಸಾಕೇ, ಇಲ್ಲ ಹಿನ್ನೆಲೆಯನ್ನೇ ಪಿಗ್ಮೆಂಟ್ ಇಂಕ್‌ಜೆಟ್‌ಗೆ (ಬಣ್ಣದ ಕಣಗಳಿರುವ ದ್ರವ ಶಾಯಿ ಸಿಂಪಡಿಸುವ ಪ್ರಿಂಟರ್) ಬದಲಿಸಬೇಕೇ? ಮೊದಲು ಲಿನೋ ಒತ್ತಿ ಆಮೇಲೆ ಲೇಸರ್‌ಗೆ ಹಾಕಲು ಭಯ. ಬಿಸಿಗೆ ಶಾಯಿ ಮೆತ್ತಗಾಗಿ ರೋಲರಿಗೆ ಅಂಟಿದರೆ ಯಂತ್ರವೇ ಹಾಳು.

ಇನ್ನೊಂದು ತೊಂದರೆ: ಪ್ರಿಂಟರಿನ ಬಿಸಿಗೆ ತೇವ ಆರಿ ಕಾಗದ ಕುಗ್ಗುತ್ತದೆ, ಅಚ್ಚು 1 ಮಿ.ಮೀ.ವರೆಗೆ ಸರಿಯುತ್ತಿದೆ. ಹಾಳೆಗಳನ್ನು ಒಂದು ದಿನ ಹರಡಿಟ್ಟೆ. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಾಗದ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಕ), ಕೋಟಿಂಗ್ ಇಲ್ಲದ್ದು.

ಇಂಥ ಕೆಲಸ ಕೈಯಾರೆ ಮಾಡಿದವರಿದ್ದರೆ ಯಾವುದನ್ನು ಮೊದಲು, ಯಾವುದನ್ನು ನಂತರ ಮುದ್ರಿಸುತ್ತೀರಿ ಎಂದು ದಯವಿಟ್ಟು ತಿಳಿಸಿ.